ಅಪ್ಪಯ್ಯನ ತೂಕದ ಮಷಿನ್ ಮನೆಯ ವೈಫೈ ಹಿಡಿಯುತ್ತಿಲ್ಲ. ಒಂಬತ್ತು ದಿನ ಸರಿಯಿತ್ತು, ಆಮೇಲೆ ನಿಂತಿತು

ಜಗಲಿಕಟ್ಟೆ (ಗುರುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಸಾಗರದಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಮನೆಯಲ್ಲಿ ಅಪ್ಪಯ್ಯ, ಅಮ್ಮ ಇಬ್ಬರೇ. ನಾನು ಬೆಂಗಳೂರಲ್ಲಿ, ಅಕ್ಕ ನ್ಯೂಜೆರ್ಸಿಯಲ್ಲಿ. ಕಳೆದ ವರ್ಷ ಅಪ್ಪಯ್ಯನಿಗೆ ಹೃದಯದ ತೊಂದರೆ ಆಯಿತು. ರಕ್ತ ಪಂಪ್ ಮಾಡುವ ಶಕ್ತಿ ಕಡಿಮೆಯಾಗಿ ಮೈಯಲ್ಲಿ ನೀರು ನಿಲ್ಲುತ್ತದೆ, ಅದಕ್ಕೆ ನೀರು ಹೋಗುವ ಮಾತ್ರೆ ನಡೆಯುತ್ತಿದೆ. ದಿನಾ ಬೆಳಿಗ್ಗೆ ತೂಕ ನೋಡಿ, ಏರಿದರೆ ಕೂಡಲೇ ಫೋನ್ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ.

ಹೋದ ತಿಂಗಳು ಅಕ್ಕ ಊರಿಗೆ ಬಂದಾಗ ಅಲ್ಲಿಂದಲೇ ಒಂದು ಸ್ಮಾರ್ಟ್ ತೂಕದ ಮಷಿನ್ ತಂದಳು. ಅಪ್ಪಯ್ಯ ಹತ್ತಿ ನಿಂತರೆ ಸಾಕು, ತೂಕ ವೈಫೈ ಮೂಲಕ ನಮ್ಮಿಬ್ಬರ ಫೋನಿಗೂ ಬರುತ್ತದೆ. ಅವಳೇ ಕೂತು ಜೋಡಿಸಿದಳು, ಒಂಬತ್ತು ದಿನ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಆರೂಮುಕ್ಕಾಲಿಗೆ ನನ್ನ ಫೋನ್ ಸದ್ದು ಮಾಡಿದರೆ ಅಪ್ಪಯ್ಯ ಎದ್ದಿದ್ದಾರೆ ಅಂತ ಒಂದು ಸಮಾಧಾನ. ಅಕ್ಕ ವಾಪಸು ಹೋದ ಮೇಲೆ ಒಂದು ದಿನ ನಿಂತಿತು. ನಾಲ್ಕು ದಿನ ಬಿಟ್ಟು ತಾನಾಗೇ ಬಂತು, ಎರಡು ದಿನ ಬಂದು ಮತ್ತೆ ನಿಂತಿತು. ಕಳೆದ ಭಾನುವಾರದಿಂದ ಒಂದೂ ಬಂದಿಲ್ಲ.

ಮಷಿನ್ ಮೇಲೆ ಅಂಕಿ ಬರುತ್ತದೆ, ಆದರೆ ವೈಫೈ ಗುರುತು ಸ್ವಲ್ಪ ಹೊತ್ತು ಮಿನುಗಿ ಆರಿಹೋಗುತ್ತದೆ. ಅಮ್ಮನ ಫೋನಿಗೆ ಅದೇ ವೈಫೈ ಚೆನ್ನಾಗಿ ಸಿಗುತ್ತಿದೆ, ನಿನ್ನೆ ವಿಡಿಯೋ ಕಾಲ್ ಮಾಡಿದ್ದೇವೆ. ಪಕ್ಕದ ಮನೆಯ ಪಿಯುಸಿ ಹುಡುಗನ ಕೈಲಿ ಸೆಲ್ ತೆಗೆದು ಹಾಕಿಸಿದೆ, ರೀಸೆಟ್ ಮಾಡಿಸಿದೆ. ಹೊಸದಾಗಿ ಜೋಡಿಸಲು ಹೋದರೆ ನೆಟ್‌ವರ್ಕ್ ಸಿಗಲಿಲ್ಲ ಅನ್ನುತ್ತದೆ. ಪಾಸ್‌ವರ್ಡ್ ಸರಿಯಿದೆ. ಏನು ಮಾಡಲಿ?

ಅರಳೀಮರ (ಗುರುವಾರ, ರಾತ್ರಿ 9:58)

ತಮ್ಮಾ, ತಂದೆಯವರು ಬೇಗ ಸುಧಾರಿಸಲಿ. ಆದರೆ ಈ ಕೆಲಸಕ್ಕೆ ವೈಫೈ ಯಾಕೆ ಬೇಕು? ಮುಳ್ಳಿನ ತೂಕದ ಮಷಿನ್ ಒಂದು ಸಾವಿರದೊಳಗೆ ಬರುತ್ತದೆ, ಸೆಲ್ಲೂ ಬೇಡ, ಪಾಸ್‌ವರ್ಡೂ ಬೇಡ. ನಮ್ಮ ದೇಹದ ಲೆಕ್ಕ ಯಾವುದೋ ದೇಶದ ಸರ್ವರಿನಲ್ಲಿ ಹೋಗಿ ಕೂರುವುದು ನನಗಂತೂ ಸರಿ ಕಾಣುವುದಿಲ್ಲ. 2023ರಲ್ಲಿ ನಮ್ಮಲ್ಲೂ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂದಿದೆ, ಆದರೂ ಕೊಡುವ ಮುಂಚೆ ಯೋಚಿಸುವುದು ನಮ್ಮ ಕೆಲಸವೇ.

ತಂತಿಪಕ್ಷಿ (ಗುರುವಾರ, ರಾತ್ರಿ 10:05)

ನಾನು ನೆಟ್‌ವರ್ಕ್ ಕೆಲಸದವನು. ಮಾಮೂಲಿ ಕಾರಣಗಳನ್ನು ಮೊದಲು ಕಳೆದುಬಿಡೋಣ.

ನಮ್ಮಲ್ಲಿ ಮಾರುವ ಅಗ್ಗದ ಸ್ಮಾರ್ಟ್ ಸ್ಕೇಲ್‌ಗಳಲ್ಲಿ ಹೆಚ್ಚಿನವು ಬರೀ ಬ್ಲೂಟೂತ್‌ನವು. ಅವಕ್ಕೆ ವೈಫೈ ಇರುವುದೇ ಇಲ್ಲ, ಫೋನ್ ಹತ್ತಿರ ಇಟ್ಟು ಆಪ್ ತೆರೆದಿದ್ದರೆ ಮಾತ್ರ ತೂಕ ಬರುತ್ತದೆ. ನಿಮ್ಮದರಲ್ಲಿ ವೈಫೈ ಗುರುತು ಮಿನುಗುತ್ತದೆ ಅಂದಿರಿ, ಒಂಬತ್ತು ದಿನ ಬೆಂಗಳೂರಿಗೂ ಬಂದಿದೆ, ಹಾಗಾಗಿ ಅದು ನಿಜವಾಗಿ ವೈಫೈನದ್ದೇ.

ವೈಫೈ ಇರುವ ತೂಕದ ಮಷಿನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಮಾತಾಡುತ್ತವೆ. ರೂಟರ್ ವೈಫೈ ಕಳಿಸುವ ಇನ್ನೊಂದು ತರಂಗಪಟ್ಟಿ, 5 ಗಿಗಾಹರ್ಟ್ಸ್, ಅವಕ್ಕೆ ಕಾಣುವುದೇ ಇಲ್ಲ. ರೂಟರಿನಲ್ಲಿ 2.4 ಆಫ್ ಆಗಿದೆಯೇ, ಎರಡಕ್ಕೂ ಒಂದೇ ಹೆಸರಿದೆಯೇ ನೋಡಿ. ಒಂದೇ ಹೆಸರಿದ್ದರೆ ಜೋಡಿಸುವ ಹೊತ್ತಿಗಾದರೂ ಬೇರೆ ಬೇರೆ ಹೆಸರು ಕೊಡಿ.

ರೂಟರಿನಲ್ಲಿ ವೈಫೈ ರಕ್ಷಣೆಯ ಬಗೆ ಡಬ್ಲ್ಯೂಪಿಎ3 ಎಂದಿದ್ದರೆ ಡಬ್ಲ್ಯೂಪಿಎ2ಕ್ಕೆ ಇಳಿಸಿ. ಡಬ್ಲ್ಯೂಪಿಎ3 ಬಂದದ್ದೇ 2018ರಲ್ಲಿ. ತೂಕದ ಮಷಿನ್ ಒಳಗಿನ ಚಿಪ್ ಹಲವು ಸಲ ಅದಕ್ಕಿಂತ ಹಳೆಯ ಕಾಲದ್ದು. ಎರಡನ್ನೂ ಸೇರಿಸಿದ ಮಿಶ್ರ ಬಗೆಯಲ್ಲೂ ಕೆಲವು ಎಡವುತ್ತವೆ.

ಸೆಲ್ ಹೊಸದೇ, ಚಾರ್ಜ್ ಮಾಡುವಂಥದ್ದೇ ಅನ್ನುವುದನ್ನೂ ಹೇಳಿ. ಅಂಕಿ ತೋರಿಸಲು ಬೇಕಾದ ಕರೆಂಟ್ ತೀರಾ ಕಡಿಮೆ, ವೈಫೈ ಕಳಿಸುವ ಆ ಕ್ಷಣಕ್ಕೆ ನೂರು ಮಿಲಿಆಂಪಿಯರ್‌ಗೂ ಹೆಚ್ಚು ಬೇಕು. ಅರ್ಧ ಸತ್ತ ಸೆಲ್‌ನಲ್ಲಿ ತೂಕ ಕಾಣುತ್ತದೆ, ವೈಫೈ ಮಾತ್ರ ಬಿದ್ದುಹೋಗುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಧಾರವಾಡದಾಕಿ (ಗುರುವಾರ, ರಾತ್ರಿ 10:21)

ಜಗಲಿಕಟ್ಟೆಯವರ, ನಾ ಹದಿನಾಲ್ಕು ವರ್ಷ ಹಾರ್ಟ್ ವಾರ್ಡಿನ್ಯಾಗ ಸಿಸ್ಟರ್ ಆಗಿ ಕೆಲಸ ಮಾಡೀನ್ರಿ. ವೈಫೈ ಆಮ್ಯಾಲೆ ನೋಡೂಣು, ಮದಲ ಒಂದು ಮಾತು ಕೇಳ್ತೀನಿ.

ಭಾನುವಾರದಿಂದ ಫೋನಿಗೆ ತೂಕ ಬಂದಿಲ್ಲ ಅಂದ್ರಿ. ಮಷಿನ್ ಮ್ಯಾಲೆ ಅಂಕಿ ಬರ್ತದ ಅಂತನೂ ಅಂದ್ರಿ. ಹಂಗಾದ್ರ ಆ ಅಂಕಿ ಯಾರಾದ್ರೂ ಬರದಿಟ್ಟಾರೇನು? ಇಲ್ಲಂದ್ರ ನಾಳೆ ಮುಂಜಾನೆ ತಾಯಿಯವರಿಗೆ ಫೋನ್ ಹಚ್ಚಿ ಓದಿಸ್ಕೊಳ್ರಿ. ಎದ್ದು, ಮೂತ್ರಕ್ಕ ಹೋಗಿ ಬಂದು, ಚಾ ಕುಡಿಯೂಕಿಂತ ಮದಲ, ದಿನಾ ಅದೇ ಥರದ ಬಟ್ಟಿ ಮ್ಯಾಲೆ ನಿಲ್ಬೇಕು. ಮೂರು ದಿನದಾಗ ಎರಡು ಕಿಲೋ ಏರಿದ್ರ ತಡ ಮಾಡಬ್ಯಾಡ್ರಿ, ಡಾಕ್ಟರಿಗೆ ತಿಳಸ್ರಿ. ಹಿಂಗ ಗಡಬಡ ಏರೂದು ಉಂಡ ಕೂಳಲ್ಲ, ಮೈಯಾಗ ನಿಂತ ನೀರು. ಕಾಲು ಬಾವು ಬಂದದ್ದು, ಮಲಗಿದ್ರ ಉಸಿರು ಕಟ್ಟೂದು ಇವು ಕಾಣೂಕಿಂತ ಮದಲ ತೂಕ ಹೇಳ್ತದ.

ಅರಳೀಮರ ಅಜ್ಜಾರ, ನಿಮ್ಮ ಮಾತು ಖರೇ, ಆದರ ಮುಳ್ಳಿನ ಮಷಿನ್ಯಾಗ ಅರ್ಧ ಕಿಲೋ ಅತ್ತಿತ್ತ ಓಡಾಡ್ತದ. ಈ ಬ್ಯಾನಿಗೆ ನೂರು ಗ್ರಾಮಿನ ಲೆಕ್ಕ ಬೇಕ್ರಿ.

ಇನ್ನೊಂದು. ತಂದಿಯವರ ಎದಿಯಾಗ ಪೇಸ್‌ಮೇಕರ್ ಕೂಡ್ಸ್ಯಾರೇನು? ಇಂಥಾ ಮಷಿನ್ ಮೈಯಾಗಿನ ಕೊಬ್ಬು ಅಳೀಲಿಕ್ಕೆ ಅಂಗಾಲಿನಿಂದ ಸಣ್ಣ ಕರೆಂಟ್ ಹಾಯಿಸ್ತದ. ಪೇಸ್‌ಮೇಕರ್ ಇದ್ದವರು, ಬಸುರಿದ್ದವರು ಅದನ್ನ ಬಂದ್ ಮಾಡಿ ಬರೀ ತೂಕ ಅಷ್ಟ ನೋಡ್ಬೇಕು.

ಜಗಲಿಕಟ್ಟೆ (ಗುರುವಾರ, ರಾತ್ರಿ 10:50)

ಅಕ್ಕಾ, ಪೇಸ್‌ಮೇಕರ್ ಇಲ್ಲ. ನಾಳೆ ಬೆಳಿಗ್ಗೆ ಅಮ್ಮನಿಗೆ ಖಂಡಿತ ಫೋನ್ ಮಾಡುತ್ತೇನೆ. ಫೋನಿಗೆ ಬರುತ್ತಿಲ್ಲ ಅನ್ನುವ ಚಿಂತೆಯಲ್ಲಿ ಇದು ಹೊಳೆಯಲೇ ಇಲ್ಲ.

ತಂತಿಪಕ್ಷಿ ಸರ್, ಸೆಲ್ ಹೊಸದು, ಆಲ್ಕಲೈನ್, ನಾಲ್ಕು. ರೂಟರ್ ಫೈಬರ್ ಜೊತೆ ಕೊಟ್ಟದ್ದು, ಅದರಲ್ಲಿ 2.4 ಒಂದೇ ಇದೆ, 5 ಇಲ್ಲವೇ ಇಲ್ಲ. ಡಬ್ಲ್ಯೂಪಿಎ2 ಇದೆ ಅಂತ ಹುಡುಗ ನೋಡಿ ಹೇಳಿದ.

ಅರಳೀಮರ ಸರ್, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಅಪ್ಪಯ್ಯ ಫೋನಿನಲ್ಲಿ ಯಾವಾಗಲೂ ಆರಾಮಿದ್ದೇನೆ ಅಂತಲೇ ಹೇಳುವುದು. ಹೋದ ವರ್ಷವೂ ಹಾಗೇ ಹೇಳುತ್ತಾ ಹೇಳುತ್ತಾ ಐಸಿಯು ಸೇರಿದ್ದರು. ಅದಕ್ಕೇ ನಮಗೆ ಅಂಕಿ ಬೇಕಾದದ್ದು.

ಕಡಲತಡಿ (ಗುರುವಾರ, ರಾತ್ರಿ 11:14)

ನನ್ನದೂ ಹೀಗೇ ಆಗಿತ್ತು ಮಾರಾಯ್ರೆ, ಕಾರಣ ಬೇರೆ. ರಾಜ್ಯೋತ್ಸವಕ್ಕೆ ಅಂತ ಮನೆಯ ವೈಫೈಗೆ ಕನ್ನಡದಲ್ಲೇ ಹೆಸರಿಟ್ಟಿದ್ದೆ, "ಕಡಲ ತಡಿಯ ಮನೆ" ಅಂತ. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲದಕ್ಕೂ ಚಂದ ಕಾಣುತ್ತಿತ್ತು. ತೂಕದ ಮಷಿನಿಗೆ ಮಾತ್ರ ಆಗಲೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬದಲಿಸಿದ್ದೇ ತಡ, ಹಿಡಿಯಿತು. ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ನಿಮ್ಮ ವೈಫೈ ಹೆಸರು ಎಂತ?

ತಂತಿಪಕ್ಷಿ (ಗುರುವಾರ, ರಾತ್ರಿ 11:30)

ಕಡಲತಡಿಯವರೇ, ನಿಮ್ಮದು ಒಳ್ಳೆಯ ಉದಾಹರಣೆ. ವೈಫೈ ಹೆಸರಿಗೆ ಸಿಗುವ ಜಾಗ 32 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಕನ್ನಡವನ್ನು ಕಳಿಸುವ ರೀತಿಯಲ್ಲಿ ಒಂದೊಂದು ಗುರುತಿಗೆ ಮೂರು ಬೈಟ್, ಕೊಂಬು, ಗುಡಿಸು, ಏತ್ವಗಳಿಗೂ ಬೇರೆ ಮೂರು. ನಿಮ್ಮ ಹೆಸರಿನಲ್ಲಿ ಹತ್ತು ಗುರುತು, ಎರಡು ಖಾಲಿ ಜಾಗ. ಲೆಕ್ಕ ಹಾಕಿ ನೋಡಿ, ಸರಿಯಾಗಿ 32! ಒಂದು ಕಾಗುಣಿತ ಹೆಚ್ಚಾಗಿದ್ದರೂ ರೂಟರೇ ಒಪ್ಪುತ್ತಿರಲಿಲ್ಲ. ಹೀಗೆ ಅಂಚಿನವರೆಗೂ ತುಂಬಿದ ಹೆಸರನ್ನೋ ಇಂಗ್ಲಿಷ್ ಅಲ್ಲದ ಬೈಟ್‌ಗಳನ್ನೋ ಸಣ್ಣ ಸಾಧನಗಳ ಸಾಫ್ಟ್‌ವೇರ್ ಸರಿಯಾಗಿ ನಿಭಾಯಿಸದಿದ್ದರೆ ಹೀಗಾಗುತ್ತದೆ. ತಪ್ಪು ಕನ್ನಡದ್ದಲ್ಲ, ನಿಯಮದಲ್ಲಿ ಯಾವ ಲಿಪಿಗೂ ಅಡ್ಡಿಯಿಲ್ಲ. ಪರೀಕ್ಷೆ ಮಾಡುವಾಗ ನಮ್ಮ ಲಿಪಿಯನ್ನು ಯಾರೂ ಹಾಕಿ ನೋಡಿರುವುದಿಲ್ಲ, ನನಗೆ ಕೋಪ ಬರುವುದು ಅದಕ್ಕೇ.

ಜಗಲಿಕಟ್ಟೆಯವರದ್ದು ಇದಲ್ಲ ಅನಿಸುತ್ತದೆ. ಹೆಸರಿನ ತೊಂದರೆಯಾಗಿದ್ದರೆ ಮೊದಲ ದಿನವೇ ಜೋಡಿಸಲು ಆಗುತ್ತಿರಲಿಲ್ಲ. ಬಂದು, ಹೋಗಿ, ಮತ್ತೆ ಬಂದು, ಮತ್ತೆ ಹೋಗಿದೆ. ಅಂದರೆ ನಡುವೆ ಏನೋ ಬದಲಾಗುತ್ತಿದೆ. ಏನದು ಅನ್ನುವುದು ಗೊತ್ತಾಗಬೇಕು. ಯಾವ ಯಾವ ತಾರೀಕು ನಿಂತಿತು ನೆನಪಿದೆಯೇ?

ಪೀಜಿ ಮೂರನೇ ಮಹಡಿ (ಗುರುವಾರ, ರಾತ್ರಿ 11:47)

ಸರ್, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನಾನಿರುವ ಪೀಜಿಯ ವೈಫೈಗೆ ಸೇರಿದ ಮೇಲೆ ಒಂದು ಪುಟ ತೆರೆದುಕೊಳ್ಳುತ್ತದೆ, ಮೊಬೈಲ್ ನಂಬರ್ ಕೊಟ್ಟು ಓಟಿಪಿ ಹಾಕಬೇಕು. ನನ್ನ ತೂಕದ ಮಷಿನ್ ವೈಫೈಗೆ ಸೇರಿದ ಹಾಗೆ ತೋರಿಸುತ್ತದೆ, ಒಂದು ತೂಕವೂ ಆಪ್‌ಗೆ ಬರುವುದಿಲ್ಲ. ಇದಕ್ಕೆ ದಾರಿ ಇದೆಯೇ?

ತಂತಿಪಕ್ಷಿ (ಗುರುವಾರ, ರಾತ್ರಿ 11:55)

ಆ ಪುಟ ತೆರೆಯಲು ಬ್ರೌಸರ್ ಬೇಕು, ಮಷಿನ್ನಿನಲ್ಲಿ ಅದಿಲ್ಲ. ಬಾಗಿಲೊಳಗೆ ಬಂದು ಜಗಲಿಯಲ್ಲೇ ನಿಂತ ಹಾಗೆ, ಒಳಗೆ ಬಿಡುವವರಿಲ್ಲ. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ತೂಕ ನೋಡುವಾಗ ಅದನ್ನು ಹಾಕಿಕೊಳ್ಳಿ. ಹಾಟ್‌ಸ್ಪಾಟ್ 2.4ರಲ್ಲಿರಬೇಕು. ಹೊಸ ಐಫೋನ್ ಆದರೆ ಹಾಟ್‌ಸ್ಪಾಟ್ ಪುಟದಲ್ಲಿ ಹೆಚ್ಚಿನ ಸಾಧನಗಳಿಗೆ ಹೊಂದಿಸುವ ಒಂದು ಗುಂಡಿ ಇದೆ, ಅದನ್ನು ಒತ್ತಿದರೆ 2.4ಕ್ಕೆ ಬರುತ್ತದೆ. ಜೋಡಿಸಲು ಇನ್ನೊಬ್ಬರ ಫೋನ್ ಬೇಕಾಗಬಹುದು, ರೂಮ್‌ಮೇಟ್ ಹತ್ತಿರ ಐದು ನಿಮಿಷ ಕೇಳಿ.

ಜಗಲಿಕಟ್ಟೆ (ಶುಕ್ರವಾರ, ಬೆಳಿಗ್ಗೆ 7:32)

ಧಾರವಾಡದ ಅಕ್ಕಾ, ದಯವಿಟ್ಟು ಇದನ್ನು ಬೇಗ ನೋಡಿ.

ಅಮ್ಮ ದಿನಾ ಬರೆದಿಟ್ಟಿದ್ದಾರೆ! ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದ ಕೆಳಗೆ. ಆದರೆ ಅಂಕಿ ವಿಚಿತ್ರವಾಗಿದೆ. ಮಂಗಳವಾರ 136.6, ಬುಧವಾರ 137.8, ನಿನ್ನೆ 139.4, ಇವತ್ತು 141.2. "ಮಷಿನ್ ಕೆಟ್ಟಿದೆ ಮಾರಾಯ, ನಿಮ್ಮಪ್ಪಯ್ಯ ನೂರಾ ನಲವತ್ತು ಕಿಲೋ ಹೇಗೆ ಆಗ್ತ್ರು, ಅದಕ್ಕೇ ನಿಂಗೆ ಹೇಳಿರ್ಲಿಲ್ಲ" ಅಂದರು. ಪೌಂಡ್ ಇರಬೇಕು ಅಲ್ಲವೇ? ಆಪ್‌ನಲ್ಲಿ ನಮಗೆ ಕಿಲೋದಲ್ಲೇ ಕಾಣುತ್ತಿತ್ತು. ಮಷಿನ್ ಮೇಲೆ ಏನು ತೋರಿಸುತ್ತದೆ ಅಂತ ಇಷ್ಟು ದಿನ ಕೇಳಿರಲಿಲ್ಲ.

ಧಾರವಾಡದಾಕಿ (ಶುಕ್ರವಾರ, ಬೆಳಿಗ್ಗೆ 7:41)

ಪೌಂಡೇ ರೀ. 136.6 ಅಂದ್ರ ಸುಮಾರು 62 ಕಿಲೋ, 141.2 ಅಂದ್ರ 64 ಕಿಲೋ. ಮೂರು ದಿನಕ್ಕ ಎರಡು ಕಿಲೋ ದಾಟೇದ. ದಿನದಿಂದ ದಿನಕ್ಕ ಏರಿಕಿನೂ ಹೆಚ್ಚಾಗ್ಲಿಕ್ಕತ್ತದ ನೋಡ್ರಿ.

ಈಗಿಂದೀಗ ಡಾಕ್ಟರಿಗೆ ಫೋನ್ ಹಚ್ರಿ, ಈ ನಾಲ್ಕೂ ಅಂಕಿ ಕಿಲೋ ಮಾಡಿ ಹೇಳ್ರಿ. ಕಾಲು ಬಾವು ಅದ ಏನು, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ಯಾರ, ಉಪ್ಪಿನಕಾಯಿ ಹಪ್ಪಳ ಹೆಚ್ಚಿಗೆ ತಿಂದಾರೇನು, ಮಾತ್ರಿ ತಪ್ಪೇತೇನು, ಇವನ್ನೆಲ್ಲಾ ತಾಯಿಯವರ ಕಡೆ ಕೇಳಿ ಇಟ್ಕೊಳ್ರಿ, ಡಾಕ್ಟರು ಕೇಳ್ತಾರ. ಮಾತ್ರಿ ನೀವಾಗೇ ಹೆಚ್ಚು ಕಡಿಮಿ ಮಾಡಬ್ಯಾಡ್ರಿ. ಕುಂತಲ್ಲೇ ಉಸಿರು ಹತ್ತಿದ್ರ ಫೋನಿಗೆ ಕಾಯದ ದವಾಖಾನಿಗೆ ಕರಕೊಂಡು ಹೋಗ್ರಿ.

ತಾಯಿಯವರಿಗೆ ನನ್ನ ನಮಸ್ಕಾರ ತಿಳಸ್ರಿ. ಅರ್ಥ ಆಗದಿದ್ರೂ ದಿನಾ ಬರದಿಟ್ಟಾರಲ್ಲ.

ಜಗಲಿಕಟ್ಟೆ (ಶುಕ್ರವಾರ, ಮಧ್ಯಾಹ್ನ 1:15)

ಡಾಕ್ಟರು ಸಿಕ್ಕಿದರು. ಅಂಕಿ ಕೇಳಿದ ತಕ್ಷಣ ಶಿವಮೊಗ್ಗಕ್ಕೆ ಕರೆದುಕೊಂಡು ಬನ್ನಿ ಅಂದರು. ಚಿಕ್ಕಪ್ಪ ಕಾರಲ್ಲಿ ಕರೆದುಕೊಂಡು ಹೋದರು. ಕಾಲು ಬಾವು ಇತ್ತಂತೆ, ಪಂಚೆ ಉಡುವುದರಿಂದ ಯಾರಿಗೂ ಕಂಡಿಲ್ಲ. ಮಳೆಗಾಲ ಅಂತ ದಿನಾ ಹಪ್ಪಳ, ಮಿಡಿ ಉಪ್ಪಿನಕಾಯಿ ನಡೆದಿತ್ತು. ಚುಚ್ಚುಮದ್ದು ಕೊಟ್ಟಿದ್ದಾರೆ, ಮಾತ್ರೆ ಬದಲಿಸಿದ್ದಾರೆ, ಸಂಜೆ ಮನೆಗೆ ಕಳಿಸುತ್ತಾರಂತೆ. ಇನ್ನೆರಡು ದಿನ ತಡವಾಗಿದ್ದರೆ ಅಡ್ಮಿಟ್ ಆಗಬೇಕಿತ್ತು ಅಂದರಂತೆ.

ಅಕ್ಕಾ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನಿಮಗೆ ನಾನು ಋಣಿ. ಇವತ್ತು ರಾತ್ರಿ ತಾಳಗುಪ್ಪ ರೈಲಿಗೆ ಹೊರಡುತ್ತಿದ್ದೇನೆ.

ಅರಳೀಮರ (ಶುಕ್ರವಾರ, ಮಧ್ಯಾಹ್ನ 1:40)

ದೇವರು ದೊಡ್ಡವನು. ನಿನ್ನೆ ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ತಮ್ಮಾ. ಮುಳ್ಳಿನ ಮಷಿನ್ ಆಗಿದ್ದರೆ ಈ ಏರಿಕೆ ಕಾಣುತ್ತಿತ್ತೋ ಇಲ್ಲವೋ.

ತಂತಿಪಕ್ಷಿ (ಶುಕ್ರವಾರ, ಮಧ್ಯಾಹ್ನ 2:05)

ಓದಿ ಸಮಾಧಾನವಾಯಿತು. ಊರಿಗೆ ಹೋಗುತ್ತಿದ್ದೀರಲ್ಲ, ಒಂದು ಕೆಲಸ ಮಾಡಿ. ಆ ಕ್ಯಾಲೆಂಡರನ್ನು ಪೂರ್ತಿ ನೋಡಿ, ಕರೆಂಟ್ ಹೋದದ್ದನ್ನೂ ಅಮ್ಮ ಬರೆದಿರಬಹುದು. ಬರೆದಿರದಿದ್ದರೆ ನೆನಪಿದ್ದಷ್ಟು ಕೇಳಿ. ನನಗೆ ಒಂದು ಅನುಮಾನ ಇದೆ, ಈಗಲೇ ಹೇಳಿದರೆ ನಿಮ್ಮ ಮನಸ್ಸು ಅತ್ತಲೇ ವಾಲುತ್ತದೆ.

ಜಗಲಿಕಟ್ಟೆ (ಶನಿವಾರ, ಬೆಳಿಗ್ಗೆ 10:20)

ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು ಮನೆಗೆ ಬಂದೆ. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು, ಮುಖ ತಿಳಿಯಾಗಿದೆ. ತೂಕ 63.1. ಮಷಿನ್ನಿನ ತಳದಲ್ಲಿ ಒಂದು ಗುಂಡಿ ಇತ್ತು, ಒತ್ತಿ ಕಿಲೋಗೆ ತಂದಿದ್ದೇನೆ.

ಸರ್, ಅಮ್ಮ ಕರೆಂಟ್ ಹೋದದ್ದನ್ನು ಬರೆದಿಲ್ಲ, ಆದರೆ ಪಂಪ್‌ಸೆಟ್ ಬಿಡಲಾಗದ ದಿನ ಸೊನ್ನೆ ಹಾಕುತ್ತಾರೆ. ಆಪ್‌ನಲ್ಲಿ ತೂಕ ನಿಂತ ದಿನಗಳನ್ನು ಪಕ್ಕಕ್ಕಿಟ್ಟು ನೋಡಿದೆ. ಮೊದಲ ಸಲ ನಿಂತದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ಮಾರನೇ ಬೆಳಿಗ್ಗೆ. ತಾನಾಗೇ ಬಂದದ್ದೂ ಕರೆಂಟ್ ಹೋಗಿ ಬಂದ ಮಾರನೇ ಬೆಳಿಗ್ಗೆಯೇ! ಭಾನುವಾರವೂ ಹಾಗೇ, ಶನಿವಾರ ಗಾಳಿಗೆ ಮರ ಬಿದ್ದು ಲೈನ್ ಹೋಗಿತ್ತು.

ಕೇಬಲ್ ಹುಡುಗ (ಶನಿವಾರ, ಬೆಳಿಗ್ಗೆ 10:31)

ಸರ್ ನಮಸ್ತೆ. ನಾನು ತೀರ್ಥಹಳ್ಳಿ ಕಡೆ ಫೈಬರ್ ಕನೆಕ್ಷನ್ ಕೊಡೋ ಕೆಲಸ ಮಾಡ್ತೀನಿ. ನಿಮ್ಮ ಪೋಸ್ಟ್ ಓದ್ತಾ ಇದ್ದೆ. ಕರೆಂಟ್ ಹೋಗಿ ಬಂದ್ರೆ ರೂಟರ್ ಮತ್ತೆ ಶುರುವಾಗುತ್ತೆ ಅಲ್ವಾ, ಆಗ ಚಾನೆಲ್ ಹೊಸದಾಗಿ ಆರಿಸಿಕೊಳ್ಳುತ್ತೆ. ರೂಟರ್ ಪುಟ ತೆಗೆದು ಚಾನೆಲ್ ಎಷ್ಟಿದೆ ನೋಡಿ ಸರ್. ಬ್ರೌಸರ್‌ನಲ್ಲಿ 192.168.1.1 ಹೊಡೀರಿ, ರೂಟರ್ ಹಿಂದಿನ ಚೀಟಿಯಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್ ಇರುತ್ತೆ. ವಿಳಾಸ ಬೇರೆ ಇದ್ರೆ ಅದೂ ಆ ಚೀಟಿಯಲ್ಲೇ ಇರುತ್ತೆ.

ಜಗಲಿಕಟ್ಟೆ (ಶನಿವಾರ, ಬೆಳಿಗ್ಗೆ 10:52)

ನೋಡಿದೆ. ಚಾನೆಲ್ ಆಟೋ ಅಂತ ಇದೆ, ಈಗ ಓಡುತ್ತಿರುವುದು 13.

ತಂತಿಪಕ್ಷಿ (ಶನಿವಾರ, ಬೆಳಿಗ್ಗೆ 11:10)

ಇದೇ ನನ್ನ ಅನುಮಾನ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಮೆರಿಕದಿಂದ ಸಾಮಾನು ತರಿಸಿಕೊಳ್ಳುವ ಮನೆ ನಮ್ಮಲ್ಲಿ ತುಂಬಾ ಇವೆ.

2.4 ಗಿಗಾಹರ್ಟ್ಸ್ ಅನ್ನುವುದು ಒಂದು ಅಗಲವಾದ ರಸ್ತೆ ಅಂದುಕೊಳ್ಳಿ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಅದರ ಹರವು. ನಮ್ಮ ದೇಶದಲ್ಲಿ 2005ರಿಂದ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಈ ರಸ್ತೆಯಲ್ಲಿ 5 ಮೆಗಾಹರ್ಟ್ಸ್‌ಗೊಂದರಂತೆ ಸಾಲು ಗುರುತು ಮಾಡಿದ್ದಾರೆ. ಒಂದನೇ ಚಾನೆಲ್ಲಿನ ನಡು 2412, ಆರನೆಯದ್ದು 2437, ಹನ್ನೊಂದನೆಯದ್ದು 2462, ಹದಿಮೂರನೆಯದ್ದು 2472. ಭಾರತ, ಯುರೋಪ್ ಕಡೆ ಹದಿಮೂರೂ ಬಳಕೆಯಲ್ಲಿವೆ. ಅಮೆರಿಕದಲ್ಲಿ ಪಟ್ಟಿಯ ಮೇಲಂಚಿನಾಚೆಗೆ ಸಿಗ್ನಲ್ ಚೆಲ್ಲಬಾರದು ಅನ್ನುವ ನಿಯಮ ಬಿಗಿ. 12 ಮತ್ತು 13ರಲ್ಲಿ ಶಕ್ತಿ ತುಂಬಾ ತಗ್ಗಿಸಬೇಕಾಗುತ್ತದೆ. ಹಾಗಾಗಿ ಅಲ್ಲಿಗೆಂದು ಮಾಡಿದ ಸಾಧನಗಳು ಸಾಮಾನ್ಯವಾಗಿ ಹನ್ನೊಂದಕ್ಕೇ ನಿಲ್ಲುತ್ತವೆ, ಮೇಲಿನ ಎರಡನ್ನು ಹುಡುಕುವುದೇ ಇಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ಅಕ್ಕ ಜೋಡಿಸಿದ ದಿನ ರೂಟರ್ ಹನ್ನೊಂದರೊಳಗಿನ ಯಾವುದೋ ಚಾನೆಲ್‌ನಲ್ಲಿತ್ತು. ಒಂಬತ್ತು ದಿನ ರೂಟರ್ ಆಫ್ ಆಗಲಿಲ್ಲ, ತೂಕ ಬಂತು. ಕರೆಂಟ್ ಹೋಯಿತು, ಬಂತು, ರೂಟರ್ ಎದ್ದು 12ನ್ನೋ 13ನ್ನೋ ಆರಿಸಿಕೊಂಡಿತು. ಅಮ್ಮನ ಫೋನ್ ಇಲ್ಲಿಯದು, ಅದಕ್ಕೆ 13 ಕಾಣುತ್ತದೆ. ಮಷಿನ್ ಪಾಲಿಗೆ ಮಾತ್ರ ಮನೆಯಲ್ಲಿ ವೈಫೈ ಇಲ್ಲವೇ ಇಲ್ಲ. ಮತ್ತೊಮ್ಮೆ ಕರೆಂಟ್ ಹೋಗಿ ಬಂದಾಗ ಅದೃಷ್ಟಕ್ಕೆ ಕೆಳಗಿನ ಚಾನೆಲ್ ಸಿಕ್ಕಿತು, ಎರಡು ದಿನ ತೂಕ ಬಂತು. ಪಾಸ್‌ವರ್ಡ್ ತಪ್ಪು ಅನ್ನದೆ ನೆಟ್‌ವರ್ಕ್ ಸಿಗಲಿಲ್ಲ ಅಂದದ್ದು ಇದಕ್ಕೇ. ನೀವು ಮೊದಲ ದಿನವೇ ಆ ಮಾತು ಬರೆದಿದ್ದಿರಿ, ನಾನು ಆಗಲೇ ಹಿಡಿಯಬೇಕಿತ್ತು.

ಆಟೋ ತೆಗೆದು 1, 6, 11ರಲ್ಲಿ ಒಂದನ್ನು ಕಾಯಂ ಮಾಡಿ. ಇವು ಮೂರೂ ಒಂದರ ಮೇಲೊಂದು ಬೀಳುವುದಿಲ್ಲ. ಹತ್ತಿರ ಬೇರೆ ಮನೆಯ ವೈಫೈ ಇಲ್ಲದಿದ್ದರೆ ಯಾವುದಾದರೂ ಸರಿ. ಚಾನೆಲ್ ಅಗಲ 40 ಮೆಗಾಹರ್ಟ್ಸ್ ಇದ್ದರೆ 20ಕ್ಕೆ ಇಳಿಸಿ.

ಕೇಬಲ್ ಹುಡುಗ (ಶನಿವಾರ, ಬೆಳಿಗ್ಗೆ 11:24)

ಸರ್ ಹೇಳಿದ್ದು ಕರೆಕ್ಟ್. ಇನ್ನೊಂದು ವಿಷಯ. ಉಳಿಸಿದ ಮೇಲೆ ರೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಿ, ನೀವು ಹಾಕಿದ ಚಾನೆಲ್ಲೇ ಉಳಿದಿದೆಯಾ ನೋಡಿ. ಕೆಲವು ರೂಟರ್‌ಗಳಲ್ಲಿ ಸೇವ್ ಒತ್ತಿದ ಮೇಲೆ ಅಪ್ಲೈ ಅಂತ ಬೇರೆ ಒತ್ತಬೇಕು, ಜನ ಮರೆತುಬಿಡ್ತಾರೆ. ಆಮೇಲೆ ಮಷಿನ್ ಎಲ್ಲಿ ಇಟ್ಟಿದ್ದೀರಿ? ನಮ್ಮ ಕಡೆ ಚಿರೆಕಲ್ಲು ಗೋಡೆ ಎರಡು ದಾಟೋ ಹೊತ್ತಿಗೆ ವೈಫೈ ಅರ್ಧಕ್ಕರ್ಧ ಬಿದ್ದುಹೋಗುತ್ತೆ.

ಜಗಲಿಕಟ್ಟೆ (ಶನಿವಾರ, ಮಧ್ಯಾಹ್ನ 12:18)

ಬಂತು! ಚಾನೆಲ್ 6 ಮಾಡಿ, ರೂಟರ್ ಆಫ್ ಮಾಡಿ ಆನ್ ಮಾಡಿ, 6 ಉಳಿದಿರುವುದನ್ನು ನೋಡಿಕೊಂಡು ಜೋಡಿಸಿದೆ. ಮೊದಲ ಸಲಕ್ಕೇ ಹಿಡಿಯಿತು. ನಾನು ಹತ್ತಿ ನಿಂತೆ, ಫೋನಿಗೆ ಬಂತು. ಅಪ್ಪಯ್ಯನನ್ನು ನಿಲ್ಲಿಸಿದೆ, ಬಂತು. ಎರಡೇ ನಿಮಿಷಕ್ಕೆ ನ್ಯೂಜೆರ್ಸಿಯಿಂದ ಫೋನ್. ಅಲ್ಲಿ ನಡುರಾತ್ರಿ ದಾಟಿತ್ತು, ಅಕ್ಕ ಮಲಗಿರಲಿಲ್ಲ.

ಮಷಿನ್ ಇದ್ದದ್ದು ಬಚ್ಚಲಿನ ಬಾಗಿಲ ಹತ್ತಿರ. ನಮ್ಮ ಬಚ್ಚಲು ಮನೆಯ ಹಿಂದೆ, ತಾಮ್ರದ ಹಂಡೆ, ನೀರಿನ ತೊಟ್ಟಿ ಎಲ್ಲ ಅಲ್ಲೇ. ರೂಟರ್ ಇರುವುದು ಜಗಲಿಯಲ್ಲಿ. ನಡುಮನೆಗೆ ತಂದಿಡಲೇ?

ತಂತಿಪಕ್ಷಿ (ಶನಿವಾರ, ಮಧ್ಯಾಹ್ನ 12:30)

ತಂದಿಡಿ. ನೀರು ಈ ತರಂಗವನ್ನು ಹೀರುತ್ತದೆ, ಹಂಡೆಯಂಥ ಲೋಹ ಅಡ್ಡ ನಿಲ್ಲುತ್ತದೆ. ಅದರ ಮೇಲೆ ನೆಲದ ಮಟ್ಟದಲ್ಲಿರುವ ಸಾಧನಕ್ಕೆ ಸಿಗ್ನಲ್ ಮೊದಲೇ ಕಡಿಮೆ. ಮಷಿನ್ ದಿನವಿಡೀ ವೈಫೈನಲ್ಲಿ ಇರುವುದಿಲ್ಲ. ಕಾಲಿಟ್ಟಾಗ ಎಚ್ಚರವಾಗಿ, ತೂಕ ಕಳಿಸಿ, ಮತ್ತೆ ಮಲಗುತ್ತದೆ. ಆ ಕೆಲವೇ ಸೆಕೆಂಡಿನಲ್ಲಿ ಸಿಗ್ನಲ್ ಗಟ್ಟಿ ಇರಬೇಕು. ರೂಟರ್ ಪುಟದ ಪಟ್ಟಿಯಲ್ಲಿ ಬೇರೆ ಹೊತ್ತಿನಲ್ಲಿ ಅದರ ಹೆಸರು ಕಾಣದಿದ್ದರೆ ಗಾಬರಿಯಾಗಬೇಡಿ.

ನೆಲ ಗಟ್ಟಿಯಾಗಿ, ಸಮನಾಗಿರಲಿ. ನಾಲ್ಕು ಮೂಲೆಯ ಕಾಲುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತವೆ. ಒಂದು ಕಾಲು ಸಂದಿಗೆ ಬಿದ್ದರೂ, ಚಾಪೆಯ ಮೇಲಿಟ್ಟರೂ ತೂಕ ತಪ್ಪುತ್ತದೆ.

ಧಾರವಾಡದಾಕಿ (ಶನಿವಾರ, ಮಧ್ಯಾಹ್ನ 12:44)

ಜಾಗ ಬದಲಿಸಿದ ಮ್ಯಾಲೆ ಒಂದು ಅಕ್ಕಿ ಚೀಲನೋ, ತೂಕ ಗೊತ್ತಿದ್ದ ಏನಾದ್ರೂನೋ ಹಳೇ ಜಾಗದಾಗೂ ಹೊಸ ಜಾಗದಾಗೂ ಇಟ್ಟು ನೋಡ್ರಿ. ಎರಡೂ ಕಡೆ ಒಂದ ಬಂದ್ರ ಚಿಂತಿಲ್ಲ. ಇಲ್ಲಂದ್ರ ನಾಳೆ ತೂಕ ಬದಲಾದ್ರ ಅದು ನೀರೋ ನೆಲದ ಫರಕೋ ಅಂತ ತಿಳಿಯಂಗಿಲ್ಲ.

ಮತ್ತ ತಾಯಿಯವರ ಬರಿಯೂದು ನಿಲ್ಲಸಬ್ಯಾಡ್ರಿ. ವೈಫೈ ಇರ್ಲಿ ಬಿಡ್ಲಿ, ಆ ಕ್ಯಾಲೆಂಡರ್ ನಡೀಲಿ. ಇವತ್ತಿಂದ ಎಷ್ಟಕ್ಕ ಏರಿದ್ರ ಫೋನ್ ಮಾಡ್ಬೇಕು ಅಂತ ಡಾಕ್ಟರನ್ನ ಕೇಳಿ, ಆ ಅಂಕಿ ಕೆಂಪು ಪೆನ್ನಿನ್ಯಾಗ ದೊಡ್ಡದಾಗಿ ಮ್ಯಾಲೆ ಬರೀರಿ.

ಪೀಜಿ ಮೂರನೇ ಮಹಡಿ (ಶನಿವಾರ, ಸಂಜೆ 6:10)

ಹಾಟ್‌ಸ್ಪಾಟ್ ಉಪಾಯ ಕೆಲಸ ಮಾಡಿತು ಸರ್. ಮೊದಲು ಆಗಲಿಲ್ಲ, ಲೊಕೇಶನ್ ಆಫ್ ಇತ್ತು. ಆನ್ ಮಾಡಿದ ಮೇಲೆ ಆಪ್‌ಗೆ ಮಷಿನ್ ಕಾಣಿಸಿತು. ತೂಕಕ್ಕೂ ಲೊಕೇಶನ್‌ಗೂ ಏನು ಸಂಬಂಧ?

ತಂತಿಪಕ್ಷಿ (ಶನಿವಾರ, ಸಂಜೆ 6:35)

ಸುತ್ತಲಿನ ವೈಫೈ, ಬ್ಲೂಟೂತ್ ಹೆಸರುಗಳ ಪಟ್ಟಿ ನೋಡಿದರೆ ನೀವು ಎಲ್ಲಿದ್ದೀರಿ ಅಂತ ಊಹಿಸಬಹುದು. ಅದಕ್ಕೇ ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಹಾಗೆ ಹುಡುಕುವ ಆಪ್‌ಗಳು ಲೊಕೇಶನ್ ಅನುಮತಿ ಕೇಳಬೇಕು. ಆಂಡ್ರಾಯ್ಡ್ 12ರಲ್ಲಿ ಬ್ಲೂಟೂತ್‌ಗೆ ಬೇರೆ ಅನುಮತಿ ಮಾಡಿದರು. ಜೋಡಿಸಿದ ಮೇಲೆ ಲೊಕೇಶನ್ ಅನುಮತಿಯನ್ನು ತೆಗೆದುಹಾಕಿ. ಅರಳೀಮರ ಸರ್ ಮೊದಲು ಹೇಳಿದ ಮಾತು ಇಲ್ಲಿಗೆ ಹೊಂದುತ್ತದೆ.

ಕಡಲತಡಿ (ಭಾನುವಾರ, ಬೆಳಿಗ್ಗೆ 8:20)

ನಿನ್ನೆ ರಾತ್ರಿ ವೈಫೈಗೆ ಮತ್ತೆ ಕನ್ನಡದ ಹೆಸರಿಟ್ಟೆ, ಗಿಡ್ಡದ್ದು. "ಕಡಲು" ಅಂತ. ಹನ್ನೆರಡು ಬೈಟ್, ನಾನೇ ಲೆಕ್ಕ ಹಾಕಿದ್ದು. ತೂಕದ ಮಷಿನ್ ಹಿಡಿಯಿತು ಮಾರಾಯ್ರೆ! ಹಾಗಾದರೆ ನನ್ನದರಲ್ಲಿ ಲಿಪಿಯ ತೊಂದರೆ ಇರಲೇ ಇಲ್ಲ, ಉದ್ದದ ತೊಂದರೆ.

ತಂತಿಪಕ್ಷಿ (ಭಾನುವಾರ, ಬೆಳಿಗ್ಗೆ 9:02)

ಬಹಳ ಖುಷಿಯಾಯಿತು. ಇದನ್ನು ಆ ಕಂಪನಿಯವರಿಗೆ ಬರೆದು ತಿಳಿಸಿ, 32 ಬೈಟ್ ತುಂಬಿದ ಹೆಸರಿಗೆ ತಪ್ಪುತ್ತದೆ ಅಂತ ನಿಖರವಾಗಿ ಹೇಳಿದರೆ ಸರಿಪಡಿಸುವುದು ಸುಲಭ.

ಜಗಲಿಕಟ್ಟೆ (ಮುಂದಿನ ಗುರುವಾರ, ಬೆಳಿಗ್ಗೆ 7:05)

ಬೆಂಗಳೂರಿಗೆ ಬಂದು ಮೂರು ದಿನವಾಯಿತು. ಮಷಿನ್ ನಡುಮನೆಯಲ್ಲಿದೆ. ಅಕ್ಕಿ ಚೀಲ ಇಟ್ಟು ನೋಡಿದೆವು, ಎರಡೂ ಕಡೆ 10.2. ಕ್ಯಾಲೆಂಡರಿನ ಮೇಲೆ ಕೆಂಪು ಅಂಕಿ ಬರೆದಾಗಿದೆ. ಹಪ್ಪಳದ ಡಬ್ಬಿಯನ್ನು ಅಮ್ಮ ಅಟ್ಟಕ್ಕೆ ಹಾಕಿದ್ದಾರೆ, ಅಪ್ಪಯ್ಯ ಎರಡು ದಿನ ಮಾತು ಬಿಟ್ಟಿದ್ದರಂತೆ.

ನಿನ್ನೆ ರಾತ್ರಿ ಊರಲ್ಲಿ ಜೋರು ಮಳೆ, ಕರೆಂಟ್ ಎರಡು ಸಲ ಹೋಗಿ ಬಂತಂತೆ. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ 6:43ಕ್ಕೆ ಫೋನ್ ಸದ್ದು ಮಾಡಿತು, 61.9. ಅಮ್ಮನಿಗೆ ಫೋನ್ ಮಾಡಿದೆ, ಕ್ಯಾಲೆಂಡರಿನಲ್ಲೂ 61.9.